ಭೂಮಿಯ ವಯಸ್ಸು ಅಳೆದು, ಸೀಸದ ವಿಷ ಬಯಲಿಗೆಳೆದ ಕ್ಲೇರ್ ಪ್ಯಾಟರ್ಸನ್

ಕಣ್ಣಿಗೆ ಕಾಣದ ವಿಷದ ಪರಿಚಯ ಜಗಳೂರು ಸೀಮೆಯ ಜನರಿಗೆ ಹೊಸತಲ್ಲ. ಕೊಳವೆಬಾವಿಯ ನೀರಿನಲ್ಲಿ ಕರಗಿ ಬರುವ ಫ್ಲೋರೈಡ್ ಆ ತಾಲ್ಲೂಕಿನ ಹಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳಾಗಿ ತನ್ನ ಗುರುತು ಬಿಟ್ಟಿದೆ. ಗುರುತು ಕಂಡದ್ದರಿಂದಲೇ ನೀರಿನ ಪರೀಕ್ಷೆ ನಡೆಯಿತು, ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು, ಕೆರೆಗಳಿಗೆ ನದಿ ನೀರು ತುಂಬಿಸಬೇಕೆಂಬ ಹೋರಾಟಕ್ಕೆ ಬಲ ಬಂತು. ಆದರೆ ಹೊರಗೆ ಯಾವ ಗುರುತನ್ನೂ ಬಿಡದೆ ಮಕ್ಕಳ ಮೈಯಲ್ಲಿ ಮನೆ ಮಾಡುವ ಇನ್ನೊಂದು ವಿಷವಿದೆ. ಅದು ಸೀಸ. ಚನ್ನಗಿರಿಯಾಗಲಿ, ಹೊನ್ನಾಳಿಯಾಗಲಿ, ನ್ಯಾಮತಿಯಾಗಲಿ, ಮಗುವಿನ ಮುಖ ನೋಡಿ ಅದರ ರಕ್ತದಲ್ಲಿ ಎಷ್ಟು ಸೀಸವಿದೆಯೆಂದು ಹೇಳಬಲ್ಲ ವೈದ್ಯರು ಯಾರೂ ಇಲ್ಲ. ರಕ್ತ ಪರೀಕ್ಷೆಯೊಂದೇ ದಾರಿ.

ಸುಲಿದು ಬಿದ್ದ ಬಣ್ಣದ ಚಕ್ಕೆ, ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಜಾಗದ ದೂಳು, ಸೀಸ ಬೆರೆತ ಬೆಸುಗೆ, ಹೀಗೆ ನಾನಾ ದಾರಿಗಳಿಂದ ಅದು ಮಗುವಿನ ಬಾಯಿ ಮತ್ತು ಉಸಿರನ್ನು ಸೇರುತ್ತದೆ. ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಎಳೆಯ ದೇಹ ಹೀರಿಕೊಳ್ಳುತ್ತದೆ. ಕಬ್ಬಿಣಾಂಶದ ಕೊರತೆಯಿರುವ ಮಗುವಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಮಿದುಳಿನ ಬೆಳವಣಿಗೆಗೆ ಕುತ್ತು ಬರುತ್ತದೆ, ರಕ್ತಹೀನತೆ ಉಂಟಾಗುತ್ತದೆ. ಪ್ರಮಾಣ ಮಿತಿಮೀರಿದರೆ ಸೆಳವು, ಪ್ರಜ್ಞಾಹೀನತೆ, ಸಾವು. ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಮೇಷ್ಟ್ರು ದಡ್ಡನೆಂದು ಬೈಯಬಹುದು. ಸೀಸ ಎಂಬ ಪದವೇ ಅಲ್ಲಿ ಸುಳಿಯುವುದಿಲ್ಲ.

ಈ ವಿಷ ಯಾವುದೋ ಕಾರ್ಖಾನೆಯ ಕಾರ್ಮಿಕರ ಕಷ್ಟವಷ್ಟೇ ಅಲ್ಲ, ಭೂಮಿಯ ಮೇಲಿನ ಪ್ರತಿಯೊಬ್ಬರ ಮೈಯಲ್ಲೂ ಸೇರಿಹೋಗಿದೆ ಎಂದು ಅಂಕಿ ಅಂಶ ಸಮೇತ ಜಗತ್ತಿನ ಮುಂದಿಟ್ಟವರು ಕ್ಲೇರ್ ಪ್ಯಾಟರ್ಸನ್. ಅವರು ವೈದ್ಯರಲ್ಲ, ಭೂರಸಾಯನ ಶಾಸ್ತ್ರಜ್ಞರು. ಭೂಮಿಯ ವಯಸ್ಸನ್ನು ನಿಖರವಾಗಿ ಲೆಕ್ಕ ಹಾಕಿದ ಕೀರ್ತಿ ಅವರದು. ಆ ಕೀರ್ತಿಯೊಂದೇ ಸಾಕೆಂದು ಸುಮ್ಮನಿದ್ದಿದ್ದರೆ ಅವರ ಬದುಕು ನೆಮ್ಮದಿಯಾಗಿ ಸಾಗುತ್ತಿತ್ತು.

ಅಂಚೆಯವರ ಮಗ

ಅಮೆರಿಕದ ಅಯೋವಾ ರಾಜ್ಯದ ಮಿಚೆಲ್‌ವಿಲ್ ಎಂಬ ಚಿಕ್ಕ ಊರಿನಲ್ಲಿ 1922ರ ಜೂನ್ 2ರಂದು ಪ್ಯಾಟರ್ಸನ್ ಜನಿಸಿದರು. ಅಯೋವಾ ಮೆಕ್ಕೆಜೋಳದ ಸೀಮೆ. ದಾವಣಗೆರೆ ಸುತ್ತಿನ ರೈತರಿಗೆ ಆ ಹೊಲಗಳ ನೋಟ ಅಪರಿಚಿತವೆನಿಸದು. ತಂದೆ ಅಂಚೆ ಇಲಾಖೆಯ ನೌಕರರು. ತಾಯಿ ಮಗನಿಗೆ ಆಟಿಕೆಯ ಬದಲು ರಸಾಯನ ಪ್ರಯೋಗದ ಪೆಟ್ಟಿಗೆಯೊಂದನ್ನು ಕೊಡಿಸಿದರು. ಹುಡುಗನ ಹಾದಿ ಅಲ್ಲಿಯೇ ನಿಶ್ಚಯವಾಯಿತು ಎನ್ನಬೇಕು. ಗ್ರಿನೆಲ್ ಕಾಲೇಜಿನಲ್ಲಿ ರಸಾಯನ ಶಾಸ್ತ್ರ ಓದುವಾಗ ಪರಿಚಯವಾದ ಲಾರ್ನಾ ಮೆಕ್‌ಕ್ಲೀರಿ 1944ರಲ್ಲಿ ಅವರ ಕೈಹಿಡಿದರು.

ಅದು ಎರಡನೇ ಮಹಾಯುದ್ಧದ ಕಾಲ. ದಂಪತಿ ಇಬ್ಬರೂ ಅಣುಬಾಂಬ್ ತಯಾರಿಕೆಯ ಮ್ಯಾನ್‌ಹಟನ್ ಯೋಜನೆಗೆ ಸೇರಿ, ಟೆನೆಸಿಯ ಓಕ್ ರಿಜ್‌ನಲ್ಲಿ ಕೆಲಸ ಮಾಡಿದರು. ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ರಾಶಿರೋಹಿತ ಮಾಪಕ ಯಂತ್ರ ಪ್ಯಾಟರ್ಸನ್ ಕೈಗೆ ಪಳಗಿದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಅವರು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದರು. ಪತ್ನಿ ಬೇರೊಂದು ಸಂಸ್ಥೆಯಲ್ಲಿ ದುಡಿದು ಸಂಸಾರ ನಡೆಸಿದರು.

ಷಿಕಾಗೋದಲ್ಲಿ ಗುರುಗಳಾಗಿ ದೊರೆತವರು ಹ್ಯಾರಿಸನ್ ಬ್ರೌನ್. ಯುರೇನಿಯಂ ಕಾಲಕ್ರಮೇಣ ಕ್ಷಯಿಸಿ ಸೀಸವಾಗುತ್ತದೆ. ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸ ಹುಟ್ಟಿದೆ ಎಂದು ಅಳೆದರೆ ಬಂಡೆಯ ವಯಸ್ಸು ತಿಳಿಯುತ್ತದೆ. ಜಿರ್ಕಾನ್ ಎಂಬ ಖನಿಜದ ಸಣ್ಣ ಹರಳುಗಳಲ್ಲಿ ಯುರೇನಿಯಂ ಅಳೆಯುವ ಕೆಲಸ ಸಹಪಾಠಿ ಜಾರ್ಜ್ ಟಿಲ್ಟನ್‌ಗೆ, ಸೀಸ ಅಳೆಯುವ ಕೆಲಸ ಪ್ಯಾಟರ್ಸನ್‌ಗೆ ಬಿತ್ತು. ಟಿಲ್ಟನ್ ಲೆಕ್ಕ ಸರಿಯಾಗಿ ಬರುತ್ತಿತ್ತು. ಪ್ಯಾಟರ್ಸನ್ ಲೆಕ್ಕ ಮಾತ್ರ ಪ್ರತಿಬಾರಿ ತಪ್ಪುತ್ತಿತ್ತು. ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸೀಸ.

ಕಾರಣ ಹುಡುಕುತ್ತ ಹೋದಂತೆ ಗೊತ್ತಾದದ್ದು, ಸೀಸ ಹರಳಿನಿಂದ ಬರುತ್ತಿಲ್ಲ, ಸುತ್ತಲಿನ ಎಲ್ಲದರಿಂದ ಬರುತ್ತಿದೆ ಎಂಬುದು. ನಲ್ಲಿ ನೀರು, ಗಾಜಿನ ಪಾತ್ರೆ, ಆಮ್ಲ, ಗೋಡೆಯ ಬಣ್ಣ, ಕೋಣೆಯ ದೂಳು, ಕಡೆಗೆ ಪ್ರಯೋಗ ಮಾಡುವವರ ಕೂದಲು, ಬಟ್ಟೆ ಎಲ್ಲದರಲ್ಲೂ ಸೀಸ. ಪ್ಯಾಟರ್ಸನ್ ನೆಲ ಒರೆಸಿದರು, ಪಾತ್ರೆಗಳನ್ನು ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದರು, ರಾಸಾಯನಿಕಗಳನ್ನು ತಾವೇ ಶುದ್ಧೀಕರಿಸಿಕೊಂಡರು. ಮುಂದೆ ಪಾಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಗೆ ಬಂದಾಗ ಸೋಸಿದ ಗಾಳಿಯಷ್ಟೇ ಒಳಬರುವಂಥ ಪ್ರಯೋಗಾಲಯವನ್ನೇ ಕಟ್ಟಿಕೊಂಡರು. ಹೊರಗಿನ ಬಟ್ಟೆಯಲ್ಲಿ ಒಳಗೆ ಕಾಲಿಡುವಂತಿರಲಿಲ್ಲ. ಮಡಿ ಎಂದರೆ ಇದು! ಇಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಸಾಮಾನ್ಯವೆನಿಸಿರುವ ಸ್ವಚ್ಛಕೊಠಡಿಯ ಮೊದಲ ಮಾದರಿಗಳಲ್ಲಿ ಅದೂ ಒಂದು.

ಭೂಮಿಯ ವಯಸ್ಸು ತಿಳಿಯುವುದರಿಂದ ಯಾರಿಗೂ ಲಾಭವಿಲ್ಲ. ಹಾಗಾಗಿ ಅದಕ್ಕೆ ಹಣ ಹೊಂದಿಸುವುದೂ ಸುಲಭವಿರಲಿಲ್ಲ. ಸಾಮಾನ್ಯ ಬಂಡೆಗಳಲ್ಲಿರುವ ಯುರೇನಿಯಂ ಮುಂದೊಂದು ದಿನ ಇಂಧನವಾಗಬಹುದು ಎಂಬ ನೆಪವನ್ನು ಮುಂದೊಡ್ಡಿ ಬ್ರೌನ್ ಅವರು ಅಮೆರಿಕದ ಅಣುಶಕ್ತಿ ಆಯೋಗದಿಂದ ಅನುದಾನ ಪಡೆದರು. ಅನುದಾನದ ಅರ್ಜಿ ಬರೆಯುವ ಕಲೆ ಎಲ್ಲ ದೇಶಗಳಲ್ಲೂ ಒಂದೇ. ಆ ಹಣದಲ್ಲಿ ಪ್ಯಾಟರ್ಸನ್ ಅರಿಜೋನಾದ ಕ್ಯಾನಿಯನ್ ಡಯಾಬ್ಲೊದಲ್ಲಿ ಬಿದ್ದಿದ್ದ ಉಲ್ಕಾಶಿಲೆಯ ಸೀಸವನ್ನು ಅಳೆದರು. 1953ರಲ್ಲಿ ಉತ್ತರ ಕೈಗೆ ಬಂತು. 1956ರಲ್ಲಿ ಅಂತಿಮ ಪ್ರಬಂಧ ಪ್ರಕಟವಾಯಿತು. ಭೂಮಿಯ ವಯಸ್ಸು 455 ಕೋಟಿ ವರ್ಷ. ಏಳು ಕೋಟಿ ವರ್ಷ ಆಚೀಚೆ ಇರಬಹುದು, ಅಷ್ಟೇ. ಎಪ್ಪತ್ತು ವರ್ಷ ಸಮೀಪಿಸಿದರೂ ಆ ಅಂಕಿ ಹೆಚ್ಚೂಕಡಿಮೆ ಹಾಗೆಯೇ ನಿಂತಿದೆ. ಉತ್ತರ ಕಂಡ ಉದ್ವೇಗದಲ್ಲಿ ಹೃದಯಾಘಾತವಾದೀತೆಂಬ ಭಯ ಹುಟ್ಟಿ, ಊರಿಗೆ ಹೋದವರೇ ತಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವಂತೆ ತಾಯಿಯನ್ನು ಕೇಳಿಕೊಂಡರಂತೆ.

ಸಮುದ್ರದಲ್ಲಿ ಸಿಕ್ಕ ಸುಳಿವು

ಇಲ್ಲಿಂದ ಕಥೆಗೆ ತಿರುವು. ಸಮುದ್ರದ ತಳದ ಮಣ್ಣಿನಲ್ಲಿ ಸೀಸ ಹೇಗೆ ಸಂಗ್ರಹವಾಗುತ್ತದೆ ಎಂಬ ಅಧ್ಯಯನಕ್ಕೆ ಅಮೆರಿಕದ ಪೆಟ್ರೋಲಿಯಂ ಕಂಪನಿಗಳ ಒಕ್ಕೂಟವೇ ಹಣ ಕೊಡುತ್ತಿತ್ತು. ತೈಲ ಹುಡುಕುವವರಿಗೆ ಸಮುದ್ರತಳದ ಮಣ್ಣಿನ ಬಗ್ಗೆ ಆಸಕ್ತಿ ಸಹಜ. ಪ್ಯಾಟರ್ಸನ್ ಮತ್ತು ಜಪಾನಿನ ವಿಜ್ಞಾನಿ ಮಿತ್ಸುನೊಬು ತತ್ಸುಮೊತೊ ಸಮುದ್ರದ ನೀರನ್ನು ಬೇರೆ ಬೇರೆ ಆಳಗಳಿಂದ ತೆಗೆದು ಅಳೆದರು. ಆಳದ ನೀರಿನಲ್ಲಿ ಸೀಸ ತೀರಾ ಕಡಿಮೆ, ಮೇಲ್ಮೈಯಲ್ಲಿ ಹಲವು ಪಟ್ಟು ಹೆಚ್ಚು. ಸಮುದ್ರದ ನೀರು ಮೇಲೆ ಕೆಳಗೆ ಬೆರೆಯಲು ನೂರಾರು ವರ್ಷ ಬೇಕು. ಮೇಲಿನ ಸೀಸ ಈಚೆಗೆ ಬಂದು ಬಿದ್ದದ್ದು ಎಂಬುದು ಇದರ ಅರ್ಥ. ಎಲ್ಲಿಂದ? ಆಕಾಶದಿಂದ. ಆಕಾಶಕ್ಕೆ ಎಲ್ಲಿಂದ? ವಾಹನಗಳ ಹೊಗೆಯಿಂದ.

ಎಂಜಿನ್ ಬಡಿತ ತಡೆಯಲು ಪೆಟ್ರೋಲಿಗೆ ಟೆಟ್ರಾಇಥೈಲ್ ಸೀಸ ಬೆರೆಸಬಹುದೆಂದು ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಗ್ಲೆ 1921ರಲ್ಲಿ ಕಂಡುಹಿಡಿದಿದ್ದರು. 1923ರಲ್ಲಿ ಮಾರಾಟ ಆರಂಭವಾಯಿತು. ಮರುವರ್ಷವೇ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ಹುಚ್ಚು ಹಿಡಿದಂತಾಗಿ ಸತ್ತರು. ಗದ್ದಲವೆದ್ದಿತು, ತಣ್ಣಗಾಯಿತು. ನಂತರದ ನಾಲ್ಕು ದಶಕಗಳ ಕಾಲ ಸೀಸದ ಸುರಕ್ಷತೆಯ ಬಗ್ಗೆ ಅಮೆರಿಕದಲ್ಲಿ ಅಧಿಕೃತವೆನಿಸಿದ ಮಾತು ಒಬ್ಬರದೇ ಆಗಿತ್ತು. ಅವರು ಸಿನ್ಸಿನಾಟಿಯ ಡಾ. ರಾಬರ್ಟ್ ಕೀಹೋ. ಸೀಸದ ಸೇರ್ಪಡೆ ಮಾರುವ ಇಥೈಲ್ ಕಂಪನಿಯ ವೈದ್ಯಕೀಯ ನಿರ್ದೇಶಕರು ಅವರೇ, ಸೀಸದ ವಿಷತ್ವ ಪರೀಕ್ಷಿಸುವ ಪ್ರಯೋಗಾಲಯದ ಮುಖ್ಯಸ್ಥರೂ ಅವರೇ. ಆ ಪ್ರಯೋಗಾಲಯಕ್ಕೆ ಹಣ ಬರುತ್ತಿದ್ದದ್ದು ಅದೇ ಉದ್ಯಮದಿಂದ. ಮನುಷ್ಯನ ಮೈಯಲ್ಲಿ ಸ್ವಲ್ಪ ಸೀಸವಿರುವುದು ಸಹಜ, 100 ಮಿಲಿಲೀಟರ್ ರಕ್ತದಲ್ಲಿ 80 ಮೈಕ್ರೋಗ್ರಾಂ ದಾಟುವವರೆಗೆ ಭಯವಿಲ್ಲ ಎಂಬುದು ಅವರ ಸಿದ್ಧಾಂತ.

ಪ್ಯಾಟರ್ಸನ್ ಪ್ರಶ್ನಿಸಿದ್ದು ಆ ಸಹಜ ಎಂಬ ಪದವನ್ನೇ. ಎಲ್ಲರ ಮೈಯಲ್ಲೂ ಇದೆ ಎಂದ ಮಾತ್ರಕ್ಕೆ ಅದು ಸಹಜವೆನಿಸುವುದಿಲ್ಲ, ಎಲ್ಲರೂ ವಿಷ ಕುಡಿದಿದ್ದಾರೆ ಎಂದಷ್ಟೇ ಅದರ ಅರ್ಥವಾಗಬಹುದು ಎಂಬುದು ಅವರ ವಾದ. 1963ರಲ್ಲಿ ಸಮುದ್ರ ಮತ್ತು ಹಿಮದ ಅಳತೆಗಳು ಪ್ರಕಟವಾದವು. 1965ರಲ್ಲಿ ಪರಿಸರ ಆರೋಗ್ಯದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ದೀರ್ಘ ಪ್ರಬಂಧ ಬಂತು. ಅಂದಿನ ಸಾಮಾನ್ಯ ಅಮೆರಿಕನ್ನರ ರಕ್ತದಲ್ಲಿದ್ದ ಸೀಸ, ಪ್ರಕೃತಿ ಸಹಜ ಮಟ್ಟಕ್ಕಿಂತ ಸುಮಾರು 100 ಪಟ್ಟು ಹೆಚ್ಚು ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದರು. ಪ್ರಕಟಣೆಗೆ ಮುನ್ನ ಆ ಪ್ರಬಂಧವನ್ನು ಪರಿಶೀಲಿಸಿದವರಲ್ಲಿ ಕೀಹೋ ಅವರೂ ಒಬ್ಬರು. ಪ್ರಕಟವಾಗಲಿ, ಆಗ ಖಂಡಿಸುವುದು ಸುಲಭ ಎಂಬ ಲೆಕ್ಕಾಚಾರದಿಂದಲೇ ಅವರು ಒಪ್ಪಿಗೆ ಕೊಟ್ಟರು.

ಅನುದಾನಕ್ಕೆ ಕತ್ತರಿ

ಪರಿಣಾಮ ಬೇಗನೆ ಕಂಡಿತು. ಸೀಸ ಉದ್ಯಮದ ಪ್ರತಿನಿಧಿಗಳು ಪ್ಯಾಟರ್ಸನ್ ಅವರನ್ನು ಭೇಟಿಯಾಗಿ ಹೋದರು. ಅವರ ಸಂಶೋಧನೆಯನ್ನು ತಮ್ಮ ಅನುಕೂಲದ ದಿಕ್ಕಿಗೆ ತಿರುಗಿಸಲು ಹಣದ ಆಮಿಷ ಒಡ್ಡಿದರೆಂದು ಪ್ಯಾಟರ್ಸನ್ ಮುಂದೆ ಹೇಳಿಕೊಂಡಿದ್ದಾರೆ. ಪೆಟ್ರೋಲಿಯಂ ಒಕ್ಕೂಟದ ಅನುದಾನ ನಿಂತಿತು. ಅದು ನಿರೀಕ್ಷಿತವೇ. ಆಘಾತ ತಂದದ್ದು ಮತ್ತೊಂದು. ಜನರ ಆರೋಗ್ಯ ಕಾಯಬೇಕಾದ ಸರ್ಕಾರಿ ಸಂಸ್ಥೆಯಾದ ಸಾರ್ವಜನಿಕ ಆರೋಗ್ಯ ಸೇವೆ ಕೂಡ ಅವರೊಂದಿಗಿನ ಒಪ್ಪಂದವನ್ನು ನವೀಕರಿಸಲಿಲ್ಲ. ವಿಷವಿದೆಯೆಂದು ಹೇಳಿದವರಿಗೆ ವಿಷ ಅಳೆಯುವ ಹಣ ಇಲ್ಲ!

ಪ್ಯಾಟರ್ಸನ್ ಹಿಂಜರಿಯಲಿಲ್ಲ. 1966ರ ಜೂನ್‌ನಲ್ಲಿ ಸೆನೆಟರ್ ಎಡ್ಮಂಡ್ ಮಸ್ಕಿ ಅಧ್ಯಕ್ಷತೆಯ ಉಪಸಮಿತಿಯ ಮುಂದೆ ಅವರು ಸಾಕ್ಷ್ಯ ನುಡಿದರು. ಕೀಹೋ ಅವರೂ ಅದೇ ಸಮಿತಿಯೆದುರು ಹಾಜರಾಗಿದ್ದರು. ಸಾರ್ವಜನಿಕ ಆರೋಗ್ಯದ ಸಂಸ್ಥೆಗಳು ಸೀಸ ಉದ್ಯಮ ಕೊಡುವ ಅಂಕಿ ಅಂಶಗಳನ್ನೇ ನೆಚ್ಚಿಕೊಂಡು ಸುರಕ್ಷತೆಯ ಮಟ್ಟ ನಿರ್ಧರಿಸುವುದು ತಪ್ಪು ಎಂದು ಪ್ಯಾಟರ್ಸನ್ ನೇರವಾಗಿ ಹೇಳಿದರು. ಅನುದಾನ ಕಳೆದುಕೊಂಡ ವಿಜ್ಞಾನಿಯೊಬ್ಬರು ಅನುದಾನ ಕೊಡುವ ಸರ್ಕಾರಿ ಸಂಸ್ಥೆಯನ್ನೇ ಸಂಸತ್ತಿನ ಸಮಿತಿಯಲ್ಲಿ ಟೀಕಿಸುವುದಕ್ಕೆ ಧೈರ್ಯ ಬೇಕು. ಅದರ ಬೆಲೆಯನ್ನೂ ಅವರು ತೆತ್ತರು. ಗಾಳಿಯಲ್ಲಿನ ಸೀಸದ ಬಗ್ಗೆ ರಾಷ್ಟ್ರೀಯ ಸಂಶೋಧನಾ ಮಂಡಳಿ ರಚಿಸಿದ ಸಮಿತಿ 1971ರಲ್ಲಿ ವರದಿ ಕೊಟ್ಟಾಗ, ಆ ವಿಷಯದಲ್ಲಿ ದೇಶದಲ್ಲೇ ಅಗ್ರಗಣ್ಯರೆನಿಸಿದ್ದ ಪ್ಯಾಟರ್ಸನ್ ಹೆಸರು ಸಮಿತಿಯ ಸದಸ್ಯರ ಪಟ್ಟಿಯಲ್ಲಿರಲಿಲ್ಲ.

ಈ ನಡುವೆ ಅವರು ಹಿಮದ ಬೆನ್ನು ಹತ್ತಿದ್ದರು. ಚನ್ನಗಿರಿಯ ಸೂಳೆಕೆರೆಯ ತಳದಲ್ಲಿ ವರ್ಷ ವರ್ಷವೂ ಹೂಳು ಪದರ ಪದರವಾಗಿ ಕೂರುವಂತೆ, ಗ್ರೀನ್‌ಲ್ಯಾಂಡಿನಲ್ಲಿ ಪ್ರತಿವರ್ಷದ ಹಿಮ ಹಿಂದಿನ ವರ್ಷದ ಹಿಮದ ಮೇಲೆ ಬಿದ್ದು ಗಟ್ಟಿಯಾಗುತ್ತದೆ. ಆಳಕ್ಕೆ ಇಳಿದಷ್ಟೂ ಹಳೆಯ ಕಾಲದ ಗಾಳಿಯ ದಾಖಲೆ ಸಿಗುತ್ತದೆ. ಪ್ಯಾಟರ್ಸನ್ ತಂಡ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳಲ್ಲಿ, ಕೊರೆಯುವ ಚಳಿಯಲ್ಲಿ, ಪ್ಲಾಸ್ಟಿಕ್ ಉಡುಪು ತೊಟ್ಟು ಹಿಮದ ಗಡ್ಡೆಗಳನ್ನು ಕತ್ತರಿಸಿ ತಂದಿತು. 1969ರಲ್ಲಿ ಫಲಿತಾಂಶ ಪ್ರಕಟವಾಯಿತು. ಕ್ರಿಸ್ತಪೂರ್ವ 800ರ ಹಿಮಕ್ಕೆ ಹೋಲಿಸಿದರೆ 1965ರ ಗ್ರೀನ್‌ಲ್ಯಾಂಡ್ ಹಿಮದಲ್ಲಿ 200 ಪಟ್ಟಿಗೂ ಹೆಚ್ಚು ಸೀಸ. ಏರಿಕೆ ಅತ್ಯಂತ ತೀವ್ರವಾದದ್ದು 1940ರ ನಂತರ. ಮೋಟಾರು ವಾಹನಗಳ ಯುಗ ಅದು. ಉದ್ಯಮದವರಿಗೆ ಇದನ್ನು ಅಲ್ಲಗಳೆಯುವುದು ಕಷ್ಟವಾಯಿತು.

ಸರ್ಕಾರ ರಕ್ತ ಪರೀಕ್ಷಿಸಿದಾಗ

ಪ್ಯಾಟರ್ಸನ್ ಹಿಮ, ಸಮುದ್ರ, ಮೂಳೆಗಳನ್ನು ಅಳೆಯುತ್ತಿದ್ದ ಕಾಲಕ್ಕೇ ಅಮೆರಿಕದ ನಗರಗಳ ಹಳೆಯ ಬಡಾವಣೆಗಳಲ್ಲಿ ಸುಣ್ಣಬಣ್ಣ ಉದುರುವ ಮನೆಗಳ ಮಕ್ಕಳು ಸೀಸದ ವಿಷದಿಂದ ಆಸ್ಪತ್ರೆ ಸೇರುತ್ತಿದ್ದರು. 1971ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನು, ಮಕ್ಕಳ ರಕ್ತದಲ್ಲಿ ಸೀಸ ಪತ್ತೆ ಮಾಡಿ ಚಿಕಿತ್ಸೆ ಕೊಡಿಸಲು ಸ್ಥಳೀಯ ಆಡಳಿತಗಳಿಗೆ ಕೇಂದ್ರದ ಹಣ ಒದಗಿಸುವ ವ್ಯವಸ್ಥೆ ಮಾಡಿತು. ಅಲ್ಲಿಂದಾಚೆಗೆ ಅಪಾಯದ ಮಟ್ಟ ಇಳಿಯುತ್ತಲೇ ಬಂತು. 1960ರ ದಶಕದಲ್ಲಿ 100 ಮಿಲಿಲೀಟರ್ ರಕ್ತಕ್ಕೆ 60 ಮೈಕ್ರೋಗ್ರಾಂ ಇದ್ದದ್ದು ಮುಂದೆ 40, 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲ ಎಂಬುದು ಇಂದಿನ ತಿಳಿವಳಿಕೆ. ಅರವತ್ತರಿಂದ ಮೂರೂವರೆಗೆ ಇಳಿದದ್ದು ವಿಷ ಬದಲಾಯಿತೆಂದಲ್ಲ. ಹೆಚ್ಚು ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಂತೆ ಹಾನಿ ಕಣ್ಣಿಗೆ ಬಿತ್ತು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಬಾಸ್ಟನ್ ಬಳಿಯ ಶಾಲಾ ಮಕ್ಕಳ ಬಿದ್ದ ಹಾಲುಹಲ್ಲುಗಳಲ್ಲಿ ಸೀಸ ಅಳೆದು, ಹೆಚ್ಚು ಸೀಸವಿದ್ದವರ ಬುದ್ಧಿಮತ್ತೆ ಕಡಿಮೆಯಿರುವುದನ್ನು ತೋರಿಸಿದರು. ಆ ಮಕ್ಕಳಲ್ಲಿ ಹೊರಗೆ ಯಾವ ರೋಗಲಕ್ಷಣವೂ ಇರಲಿಲ್ಲ.

ನಿರ್ಣಾಯಕವಾದದ್ದು ಸರ್ಕಾರವೇ ಹಣ ಹಾಕಿ ನಡೆಸಿದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣೆ ಸಮೀಕ್ಷೆ. 1976ರಿಂದ 1980ರವರೆಗೆ ದೇಶದ ಎಲ್ಲ ಭಾಗಗಳ ಸುಮಾರು 10 ಸಾವಿರ ಜನರ ರಕ್ತದಲ್ಲಿ ಸೀಸ ಅಳೆಯಲಾಯಿತು. 1ರಿಂದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 88 ಮಂದಿಯ ರಕ್ತದಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿತ್ತು. ಎಲ್ಲರ ಮೈಯಲ್ಲೂ ವಿಷವಿದೆ ಎಂದು 1965ರಲ್ಲಿ ಪ್ಯಾಟರ್ಸನ್ ಹೇಳಿದ್ದು ಉತ್ಪ್ರೇಕ್ಷೆಯಾಗಿರಲಿಲ್ಲ.

ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳಿತು. ಹೊಸ ಕಾರುಗಳಿಗೆ ಸೀಸರಹಿತ ಪೆಟ್ರೋಲ್ ಅಗತ್ಯವಾದ್ದರಿಂದ 1975ರ ಬಳಿಕ ಸೀಸದ ಬಳಕೆ ಇಳಿಯುತ್ತಿತ್ತು. ಸಮೀಕ್ಷೆಯ ನಾಲ್ಕು ವರ್ಷಗಳಲ್ಲಿ ಜನರ ರಕ್ತದ ಸರಾಸರಿ ಸೀಸವೂ 14.6ರಿಂದ 9.2 ಮೈಕ್ರೋಗ್ರಾಂಗೆ ಇಳಿಯಿತು. ಎರಡೂ ಗೆರೆಗಳನ್ನು ಒಂದೇ ಕಾಗದದ ಮೇಲೆ ಎಳೆದರೆ ಒಂದರ ನೆರಳಿನಂತೆ ಇನ್ನೊಂದು. ಆ ಹೊತ್ತಿಗೆ ರೇಗನ್ ಸರ್ಕಾರ ಪೆಟ್ರೋಲಿನ ಸೀಸದ ನಿಯಮಗಳನ್ನು ಸಡಿಲಿಸುವ ಆಲೋಚನೆಯಲ್ಲಿತ್ತು. ಈ ಗೆರೆಗಳನ್ನು ಕಂಡ ಮೇಲೆ ಸಡಿಲಿಸುವ ಬದಲು ಬಿಗಿಗೊಳಿಸಬೇಕಾಯಿತು. 1985ರಲ್ಲಿ ಹೊರಟ ಆದೇಶದಂತೆ 1986ರ ಜನವರಿಯಿಂದ ಒಂದು ಗ್ಯಾಲನ್ ಪೆಟ್ರೋಲಿನಲ್ಲಿ ಸೀಸದ ಮಿತಿ 0.1 ಗ್ರಾಂ ಆಯಿತು.

ವಿಪರ್ಯಾಸವೆಂದರೆ, ಅದೇ ರೇಗನ್ ಸರ್ಕಾರ 1981ರಲ್ಲಿ ಮಕ್ಕಳ ಸೀಸ ಪರೀಕ್ಷೆಯ ಪ್ರತ್ಯೇಕ ಅನುದಾನವನ್ನು ತಾಯಿ ಮಕ್ಕಳ ಆರೋಗ್ಯದ ಸಾಮಾನ್ಯ ಅನುದಾನದೊಳಗೆ ಸೇರಿಸಿಬಿಟ್ಟಿತು. ರಾಜ್ಯಗಳು ಬೇಕಿದ್ದರೆ ಪರೀಕ್ಷಿಸಬಹುದು, ಬೇಡದಿದ್ದರೆ ಬಿಡಬಹುದು. ಎಷ್ಟು ಮಕ್ಕಳಿಗೆ ವಿಷ ತಗುಲಿದೆ ಎಂಬ ಲೆಕ್ಕವನ್ನು ದೆಹಲಿಗೆ ಜಿಲ್ಲೆಯಿಂದ ವರದಿ ಹೋಗುವಂತೆ ಅಲ್ಲಿನ ಕೇಂದ್ರಕ್ಕೆ ಕಳುಹಿಸುವ ಕಡ್ಡಾಯವೂ ತಪ್ಪಿತು. 1988ರಲ್ಲಿ ಹೊಸ ಕಾನೂನು ಬಂದ ಮೇಲಷ್ಟೇ ಪರೀಕ್ಷೆಗೆಂದೇ ಹಣ ಮತ್ತೆ ಹರಿಯಿತು. ಆ ಹಣದ ಹಣೆಬರಹ ಮುಂದೆಯೂ ಏರಿಳಿಯುತ್ತಲೇ ಇತ್ತು. 2012ರಲ್ಲಿ ಸುಮಾರು 2.9 ಕೋಟಿ ಡಾಲರ್‌ನಿಂದ 20 ಲಕ್ಷ ಡಾಲರ್‌ಗೆ ಕುಸಿಯಿತು. 2025ರ ಏಪ್ರಿಲ್‌ನಲ್ಲಿ ಆ ವಿಭಾಗದ ಸಿಬ್ಬಂದಿಗೆ ಕೆಲಸದಿಂದ ತೆಗೆಯುವ ನೋಟಿಸ್ ಹೋಯಿತು. ಶಾಲೆಗಳಲ್ಲಿ ಸೀಸ ಪತ್ತೆಯಾಗಿ ನೆರವು ಕೇಳಿದ್ದ ಮಿಲ್ವಾಕೀ ನಗರಕ್ಕೆ ತಜ್ಞರನ್ನು ಕಳುಹಿಸಲಾಗಲಿಲ್ಲ.

ಮತ್ತೆ ಪ್ಯಾಟರ್ಸನ್ ಅವರತ್ತ ಬರೋಣ. 1979ರಲ್ಲಿ ಅವರು ಮತ್ತು ಸಂಗಡಿಗರು ಪೆರು ದೇಶದಲ್ಲಿ ಹೂತಿದ್ದ 1,600 ವರ್ಷ ಹಳೆಯ ಅಸ್ಥಿಗಳನ್ನು ಪರೀಕ್ಷಿಸಿದರು. ಆಧುನಿಕರ ಮೂಳೆಗಳಲ್ಲಿ ಅವುಗಳಿಗಿಂತ ನೂರಾರು ಪಟ್ಟು ಹೆಚ್ಚು ಸೀಸವಿತ್ತು. ಮರುವರ್ಷ ಡೊರೊಥಿ ಸೆಟ್ಲ್ ಜೊತೆ ಟ್ಯೂನಾ ಮೀನನ್ನು ಅಳೆದಾಗ, ಸೀಸದ ಬೆಸುಗೆ ಹಾಕಿದ ಡಬ್ಬಿಯ ಮೀನಿನಲ್ಲಿ ತಾಜಾ ಮೀನಿಗಿಂತ ಸಾವಿರಾರು ಪಟ್ಟು ಸೀಸ ಕಂಡಿತು. ಆ ಪ್ರಬಂಧದ ನಿಜವಾದ ಚಾಟಿ ಬೇರೆಡೆ ಬೀಸಿತ್ತು. ತಾಜಾ ಮೀನಿನಲ್ಲಿ ಎಷ್ಟು ಸೀಸವಿದೆಯೆಂದು ಸರ್ಕಾರಿ ಪ್ರಯೋಗಾಲಯಗಳಿಗೆ ಸರಿಯಾಗಿ ಅಳೆಯಲೇ ಬರುತ್ತಿರಲಿಲ್ಲ. ಪ್ರಯೋಗಾಲಯವೇ ಕಲುಷಿತವಾಗಿದ್ದರೆ ಎಲ್ಲದರಲ್ಲೂ ಸೀಸ ಕಾಣುತ್ತದೆ, ಎಲ್ಲದರಲ್ಲೂ ಕಂಡದ್ದು ಸಹಜವೆನಿಸುತ್ತದೆ.

1978ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿ ಹೊಸ ಸಮಿತಿ ರಚಿಸಿದಾಗ ಅವರನ್ನು ಕರೆಯದೆ ವಿಧಿಯಿರಲಿಲ್ಲ. ಸಮಿತಿಯ ಬಹುಮತದ ಅಭಿಪ್ರಾಯ ಎಚ್ಚರಿಕೆಯ ಮಾತುಗಳಲ್ಲೇ ಮುಗಿದಾಗ, ಪ್ಯಾಟರ್ಸನ್ ತಮ್ಮದೇ ಪ್ರತ್ಯೇಕ ಭಿನ್ನಮತದ ವರದಿಯನ್ನು ಬರೆದು ಸೇರಿಸಿದರು. ಪೆಟ್ರೋಲ್, ಆಹಾರದ ಡಬ್ಬಿ, ಬಣ್ಣ, ನೀರಿನ ಕೊಳವೆ, ಎಲ್ಲದರಿಂದಲೂ ಸೀಸವನ್ನು ತೆಗೆಯಬೇಕೆಂಬುದು ಅದರ ಸಾರ. ಒಗ್ಗಿ ಹೋಗುವ ಸ್ವಭಾವ ಅವರದಲ್ಲ. ಸಭೆಗಳಲ್ಲಿ ಬಿರುಸಾಗಿ ವಾದಿಸಿ ಸಹೋದ್ಯೋಗಿಗಳನ್ನು ಇಕ್ಕಟ್ಟಿಗೆ ಸಿಲುಕಿಸುತ್ತಿದ್ದರು. ಸರಳವಾಗಿ ಹೇಳಬಹುದಾದ್ದನ್ನು ಸುತ್ತಿ ಬಳಸಿ ಬರೆದು ಓದುಗರ ತಾಳ್ಮೆ ಪರೀಕ್ಷಿಸುವ ಗುಣವೂ ಇತ್ತು. ಆದರೆ ಅವರ ಅಂಕಿಗಳನ್ನು ಯಾರೂ ತಪ್ಪೆಂದು ತೋರಿಸಲಿಲ್ಲ.

ಮನ್ನಣೆ ತಡವಾಗಿ ಬಂತು. 1987ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1995ರಲ್ಲಿ ಪರಿಸರ ಸಾಧನೆಯ ಟೈಲರ್ ಪ್ರಶಸ್ತಿ. ಒಂದು ಕ್ಷುದ್ರಗ್ರಹಕ್ಕೂ ಅಂಟಾರ್ಕ್ಟಿಕಾದ ಒಂದು ಶಿಖರಕ್ಕೂ ಅವರ ಹೆಸರಿದೆ. ಬಹುಕಾಲ ಉಬ್ಬಸದಿಂದ ಬಳಲುತ್ತಿದ್ದ ಅವರು 1995ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಸೀ ರ‍್ಯಾಂಚ್‌ನ ಮನೆಯಲ್ಲಿ ನಿಧನರಾದರು. 73 ವರ್ಷ ವಯಸ್ಸಾಗಿತ್ತು. ಅಮೆರಿಕದ ರಸ್ತೆಗಳ ಮೇಲೆ ಸೀಸಯುಕ್ತ ಪೆಟ್ರೋಲ್ ಸಂಪೂರ್ಣ ನಿಷೇಧವಾದದ್ದು 1996ರ ಜನವರಿ 1ರಂದು, ಅವರು ಕಣ್ಮುಚ್ಚಿದ ನಾಲ್ಕು ವಾರಗಳ ತರುವಾಯ. 1991ರಿಂದ 1994ರ ಸಮೀಕ್ಷೆಯ ಹೊತ್ತಿಗೆ 10 ಮೈಕ್ರೋಗ್ರಾಂ ಮಟ್ಟ ತಲುಪಿದ ಮಕ್ಕಳ ಸಂಖ್ಯೆ ನೂರಕ್ಕೆ 88ರಿಂದ ನೂರಕ್ಕೆ 4.4ಕ್ಕೆ ಇಳಿದಿತ್ತು.

ಬೆಂಗಳೂರಿನ ಅಳತೆ

ಪ್ಯಾಟರ್ಸನ್ ತೀರಿಕೊಂಡ ವರ್ಷ ಭಾರತದಲ್ಲಿ ಸೀಸರಹಿತ ಪೆಟ್ರೋಲ್ ನಾಲ್ಕು ಮಹಾನಗರಗಳಲ್ಲಷ್ಟೇ ಸಿಗತೊಡಗಿತ್ತು. ಹೊನ್ನಾಳಿ, ಚನ್ನಗಿರಿ ರಸ್ತೆಗಳ ಸ್ಕೂಟರುಗಳು ಉಗುಳುತ್ತಿದ್ದದ್ದು ಸೀಸದ ಹೊಗೆಯನ್ನೇ. ಈ ತಾಲ್ಲೂಕುಗಳನ್ನು ಒಳಗೊಂಡು ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆಗಲೇ ಬೆಂಗಳೂರಿನಲ್ಲಿ ಜಾರ್ಜ್ ಪ್ರತಿಷ್ಠಾನ ಸೀಸದ ವಿರುದ್ಧ ಯೋಜನೆಯೊಂದನ್ನು ಕೈಗೆತ್ತಿಕೊಂಡಿತು. ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ನಡೆಯಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಮುಂದಾಳತ್ವದಲ್ಲಿ ಸೀಸದ ವಿಷಬಾಧೆಯ ರಾಷ್ಟ್ರೀಯ ಕೇಂದ್ರವೂ ಅಲ್ಲಿಯೇ ತಲೆಯೆತ್ತಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂತು. ಓದುಗರು ಗಮನಿಸಬೇಕಾದ ಸಂಗತಿಯೆಂದರೆ, ಅಷ್ಟು ದೊಡ್ಡ ರಕ್ತ ಪರೀಕ್ಷೆಯನ್ನು ಮುಂದೆ ನಿಂತು ನಡೆಸಿದ್ದು ಖಾಸಗಿ ದತ್ತಿ ಸಂಸ್ಥೆ, ಸರ್ಕಾರವಲ್ಲ.

ಪೆಟ್ರೋಲಿನ ಸೀಸ ಹೋದರೂ ಬಣ್ಣ, ಬ್ಯಾಟರಿಗಳ ಸೀಸ ಉಳಿಯಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಹೊರಟು 2017ರ ನವೆಂಬರ್‌ನಲ್ಲಿ ಜಾರಿಯಾಯಿತು. ಅದಕ್ಕೆ ಮುನ್ನ ಬಳಿದ ಬಾಗಿಲು, ಕಿಟಕಿ, ತೊಟ್ಟಿಲುಗಳು ಊರೂರಲ್ಲೂ ಇವೆ. ಭಾರತದ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಮೀರಿ ಸೀಸವಿದೆಯೆಂದು ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಅಂದಾಜಿಸಿದವು. ಅದು ಅಂದಾಜು ಮಾತ್ರ, ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ ಕಂಡುಕೊಂಡ ಸಂಖ್ಯೆಯಲ್ಲ.

2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳು ತುಂಬಿದ ಕೂಸುಗಳಿಂದ ಐದು ವರ್ಷದೊಳಗಿನ ಮಕ್ಕಳವರೆಗೆ ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡಲಾಯಿತು. ಸೀಸ ನೋಡಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡಗಳು ಅಂಗನವಾಡಿ, ಶಾಲೆಗಳಿಗೆ ಭೇಟಿಯಿತ್ತು ಹುಟ್ಟು ದೋಷ, ಕೊರತೆ, ರೋಗ, ಬೆಳವಣಿಗೆಯ ಕುಂಠಿತ ಎಂಬ ನಾಲ್ಕು ಬಗೆಯ ತೊಂದರೆಗಳನ್ನು ತಪಾಸಣೆ ಮಾಡುತ್ತವೆ. ತೀವ್ರ ರಕ್ತಹೀನತೆ ಆ ಪಟ್ಟಿಯಲ್ಲಿದೆ, ಕಲಿಕೆಯ ತೊಂದರೆಯೂ ಇದೆ. ಸೀಸದ ವಿಷಬಾಧೆ ಇಲ್ಲ.